ಕಜ್ಜಿ ಮಾಗಿತು, ಮುಖ ಊದಿತು

ಡಾಕ್ಟ್ರಮ್ಮ, ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಡಿಸೆಂಬರ್‌ನಲ್ಲಿ ಅವನ ಕೈಕಾಲಿಗೆಲ್ಲ ಕಜ್ಜಿಯಾಗಿ ಕೀವು ತುಂಬಿತ್ತು. ಬೇವಿನ ಸೊಪ್ಪಿನ ನೀರಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿದೆ, ಮಾಗಿತು. ಸಂಕ್ರಾಂತಿ ಆದ ಮೇಲೆ ಒಂದು ದಿನ ಬೆಳಿಗ್ಗೆ ಎದ್ದರೆ ಕಣ್ಣು ಬಿಡಲಾಗದಷ್ಟು ಮುಖ ಊದಿತ್ತು. ಉಚ್ಚೆ ಸ್ವಲ್ಪವೇ, ಅದೂ ಕಾಫಿ ಡಿಕಾಕ್ಷನ್ ಬಣ್ಣ. ಆಸ್ಪತ್ರೆಯಲ್ಲಿ ಬಿಪಿ 140/100 ಅಂದರು. ಎಂಟು ವರ್ಷದ ಹುಡುಗನಿಗೂ ಬಿಪಿ ಬರುತ್ತಾ ಅಂತ ನನಗೆ ತಲೆ ಸುತ್ತಿತು. ಆರು ದಿನ ಇಟ್ಟುಕೊಂಡು ಕಳಿಸಿದರು. ಈಗ ಊತ ಇಲ್ಲ, ಬಣ್ಣವೂ ಸರಿಯಾಗಿದೆ, ಮಾತ್ರೆ ನಿಲ್ಲಿಸಿದ್ದಾರೆ. ಆದರೆ ಮೊನ್ನೆ ಮಾಡಿಸಿದ ಪರೀಕ್ಷೆಯಲ್ಲಿ ಇನ್ನೂ ರಕ್ತ ಹೋಗುತ್ತಿದೆ ಅಂತ ಬಂದಿದೆ. ನಮ್ಮ ಭಾವನವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್. ಅದನ್ನು ನೋಡಿದಾಗಿನಿಂದ ನನಗೆ ನಿದ್ದೆ ಇಲ್ಲ. ಮಗನಿಗೆ ಉಪ್ಪು ಪೂರ್ತಿ ಬಿಡಿಸಿದ್ದೇನೆ. ದಿನಾ ಬೆಳಿಗ್ಗೆ ಬಾಳೆದಿಂಡಿನ ರಸ, ಆಮೇಲೆ ಚೊಂಬುಗಟ್ಟಲೆ ನೀರು. ಶಾಲೆಗೆ ಕಳಿಸಿಲ್ಲ, ಆಡಲೂ ಬಿಡುತ್ತಿಲ್ಲ. ಬೆಂಗಳೂರಿಗೆ ಹೋಗಿ ಬಯಾಪ್ಸಿ ಮಾಡಿಸಿ ಅಂತ ಒಬ್ಬರು, ಒಬ್ಬ ನಾಟಿ ವೈದ್ಯರ ಪುಡಿ ತನ್ನಿ ಅಂತ ಇನ್ನೊಬ್ಬರು. ನಮ್ಮತ್ತೆ, ನೀನು ಆವತ್ತೇ ಡಾಕ್ಟರಿಗೆ ತೋರಿಸಿದ್ದರೆ ಇದು ಬರುತ್ತಲೇ ಇರಲಿಲ್ಲ ಅನ್ನುತ್ತಾರೆ. ಈಗ ಚಿಕ್ಕ ಮಗಳೂ ರಾತ್ರಿ ಹೊತ್ತು ಕೈ ಕೆರೆದುಕೊಳ್ಳುತ್ತಾಳೆ. ಏನು ಮಾಡಲಿ?
— ಹೆಸರು ಬೇಡ

ನಿಮ್ಮ ಪತ್ರದ ಜತೆಗಿದ್ದ ಡಿಸ್ಚಾರ್ಜ್ ಕಾರ್ಡನ್ನೂ ಲ್ಯಾಬ್ ಚೀಟಿಗಳನ್ನೂ ಓದಿದೆ. ಕಾರಣಗಳನ್ನು ಆಮೇಲೆ ಹೇಳುತ್ತೇನೆ, ಮೊದಲು ಉತ್ತರ ತೆಗೆದುಕೊಳ್ಳಿ: ನಿಮ್ಮ ಮಗನ ಕಿಡ್ನಿ ಹಾಳಾಗುತ್ತಿರುವ ಯಾವ ಗುರುತೂ ಈ ಕಾಗದಗಳಲ್ಲಿ ಇಲ್ಲ. ಅವನ ಕಾಯಿಲೆ ಬಹುಪಾಲು ಮುಗಿದಿದೆ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಆ 15-20 ಕೆಂಪು ರಕ್ತಕಣಗಳು ಇನ್ನೂ ಆರು ತಿಂಗಳು, ಒಂದು ವರ್ಷ, ಕೆಲವು ಮಕ್ಕಳಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ಕಾಣಿಸಿಕೊಳ್ಳುತ್ತವೆ. ನಿಮ್ಮ ನಿದ್ದೆ ಕೆಡಿಸಿರುವುದು ಇಡೀ ಚೀಟಿಯಲ್ಲೇ ಅತ್ಯಂತ ನಿರುಪದ್ರವಿಯಾದ ಸಾಲು.

ಕಾರ್ಡಿನಲ್ಲಿ ಪಿಎಸ್‌ಜಿಎನ್ ಎಂದು ಬರೆದಿದ್ದಾರೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಗಂಟಲಿಗೋ ಚರ್ಮಕ್ಕೋ ಬಂದು ಹೋದ ನಂತರ ಕಿಡ್ನಿಯ ಸೋಸುವ ಭಾಗದಲ್ಲಿ ಆಗುವ ಉರಿಯೂತ ಇದು. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಗ್ಲೊಮೆರುಲಸ್‌ಗಳಿವೆ. ಕೂದಲಿಗಿಂತ ತೆಳುವಾದ ರಕ್ತನಾಳಗಳು ಸುತ್ತಿಕೊಂಡು ಆದ ಪುಟ್ಟ ಉಂಡೆಗಳು ಅವು. ರಕ್ತ ಅವುಗಳ ಮೂಲಕ ಹರಿಯುವಾಗ ನೀರು, ಉಪ್ಪು, ಕಸ ಕೆಳಗಿಳಿಯುತ್ತವೆ. ರಕ್ತಕಣ ಮತ್ತು ಪ್ರೋಟೀನ್ ಮೇಲೆಯೇ ಉಳಿಯುತ್ತವೆ. ಜರಡಿ ಹಿಡಿದ ಹಾಗೆ. ಆ ಜರಡಿ ಊದಿಕೊಂಡಾಗ ಎರಡು ತೊಂದರೆ ಒಟ್ಟಿಗೇ ಆಗುತ್ತವೆ. ಜರಡಿಯ ಕಣ್ಣುಗಳು ಕಟ್ಟಿಕೊಂಡು ಇಳಿಯಬೇಕಾದ ನೀರು, ಉಪ್ಪು ಇಳಿಯುವುದಿಲ್ಲ. ಅಲ್ಲಲ್ಲಿ ಬಿರುಕು ಬಿಟ್ಟು ಇಳಿಯಬಾರದ ರಕ್ತಕಣ ಇಳಿಯುತ್ತದೆ. ಮೊದಲನೆಯದರಿಂದ ಮುಖ ಊದಿತು, ಬಿಪಿ ಏರಿತು. ಎರಡನೆಯದರಿಂದ ಡಿಕಾಕ್ಷನ್ ಬಣ್ಣ ಬಂತು.

ಕಜ್ಜಿ ಮಾಗಿ ಎಷ್ಟೋ ದಿನ ಆದ ಮೇಲೆ ಯಾಕೆ ಬಂತು ಎಂಬುದು ನಿಮ್ಮನ್ನು ಕಾಡಿರಬೇಕು. ಇನ್ನೂರು ವರ್ಷಗಳ ಹಿಂದಿನ ವೈದ್ಯರನ್ನೂ ಅದು ಕಾಡಿತ್ತು. 1812ರಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ, ಕೆಂಪು ಗುಳ್ಳೆಯ ಜ್ವರ ಬಂದು ವಾಸಿಯಾದ ಮಕ್ಕಳು ಕೆಲವು ವಾರ ಬಿಟ್ಟು ಮೈ ಊದಿಕೊಂಡು ಬರುತ್ತಾರೆ, ಅವರ ಮೂತ್ರದಲ್ಲಿ ರಕ್ತವಿರುತ್ತದೆ ಎಂದು ಬರೆದಿಟ್ಟ. ಆಗ ರೋಗಾಣು ಎಂಬುದೇ ಗೊತ್ತಿರಲಿಲ್ಲ. ನಡುವಿನ ಆ ಅವಧಿಯಲ್ಲಿ ಏನಾಗುತ್ತದೆ ಎಂಬುದು ಈಗ ಸಾಕಷ್ಟು ತಿಳಿದಿದೆ. ರೋಗಾಣುವಿನ ವಿರುದ್ಧ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ರೋಗಾಣುವಿನ ಚೂರುಗಳ ಜತೆ ಸೇರಿಕೊಂಡು ಗ್ಲೊಮೆರುಲಸ್‌ಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಅಲ್ಲಿ ಉರಿಯೂತ ಹತ್ತಿಕೊಳ್ಳುತ್ತದೆ. ಗಂಟಲು ನೋವಿನ ನಂತರವಾದರೆ ಒಂದರಿಂದ ಮೂರು ವಾರಕ್ಕೆ, ಚರ್ಮದ ಕೀವಿನ ನಂತರವಾದರೆ ಮೂರರಿಂದ ಆರು ವಾರಕ್ಕೆ. ನಿಮ್ಮ ಮಗನ ಲೆಕ್ಕ ಇದಕ್ಕೆ ಸರಿಯಾಗಿ ಕೂಡುತ್ತದೆ.

ಹಾಗಾಗಿ ಅವನ ಕಿಡ್ನಿಯೊಳಗೆ ರೋಗಾಣು ಕೂತಿಲ್ಲ. ನೀರು ಕುಡಿಸಿ ತೊಳೆದು ಹಾಕುವಂಥದ್ದೇನೂ ಅಲ್ಲಿ ಇಲ್ಲ. ನಾನು ಈ ಪತ್ರಕ್ಕೆ ಇಷ್ಟು ಉದ್ದ ಉತ್ತರ ಬರೆಯಲು ಮುಖ್ಯ ಕಾರಣವೇ ಇದು. ಮೂತ್ರದ ತೊಂದರೆ ಎಂದ ಕೂಡಲೇ ನಮ್ಮ ಕಡೆ ಬಾರ್ಲಿ ನೀರು, ಎಳನೀರು, ಬಾಳೆದಿಂಡಿನ ರಸ ಎಲ್ಲ ಸಾಲಾಗಿ ಬಂದುಬಿಡುತ್ತವೆ. ಕಲ್ಲಿನ ತೊಂದರೆ ಇದ್ದವರಿಗೆ ನೀರು ಹೆಚ್ಚು ಕುಡಿಯಿರಿ ಅನ್ನುತ್ತೇವೆ, ನಿಜ. ಅದೇ ಮಾತು ಈ ಕಾಯಿಲೆಗೆ ಬಂದಾಗ ತಿರುವುಮುರುವು. ಮೂತ್ರ ಕಡಿಮೆಯಾಗಿ ಮುಖ ಊದಿರುವ ಆ ಮೊದಲ ವಾರದಲ್ಲಿ ಕುಡಿಸಿದ ಪ್ರತಿ ಲೋಟ ನೀರೂ ಹೊರಗೆ ಹೋಗಲು ದಾರಿಯಿಲ್ಲದೆ ರಕ್ತದಲ್ಲೇ ಉಳಿಯುತ್ತದೆ. ಬಿಪಿ ಇನ್ನಷ್ಟು ಏರುತ್ತದೆ. ಕೆಲವು ಮಕ್ಕಳಿಗೆ ಶ್ವಾಸಕೋಶದಲ್ಲಿ ನೀರು ನಿಂತು, ಮಲಗಿದರೆ ಉಸಿರು ಕಟ್ಟುತ್ತದೆ. ಎಳನೀರಿನಲ್ಲೂ ಬಾಳೆದಿಂಡಿನಲ್ಲೂ ಪೊಟ್ಯಾಸಿಯಂ ಹೇರಳವಾಗಿದೆ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದಾಗ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಬಿಪಿಗೆ ಒಳ್ಳೆಯದು ಎಂದು ಅಂಗಡಿಯಲ್ಲಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಇರುವುದು ಇದೇ ಪೊಟ್ಯಾಸಿಯಂ.

ಆಸ್ಪತ್ರೆಯವರು ಆರು ದಿನ ಇಟ್ಟುಕೊಂಡು ಮಾಡಿದ್ದೂ ಇದರ ಉಲ್ಟಾ ಕೆಲಸವನ್ನೇ. ಕುಡಿಯುವ ನೀರನ್ನು ಅಳತೆ ಮಾಡಿ ಕೊಟ್ಟರು, ಉಪ್ಪು ತೆಗೆದರು, ಫ್ರುಸೆಮೈಡ್ ಕೊಟ್ಟು ನೀರು ಇಳಿಸಿದರು, ಬಿಪಿ ಮಾತ್ರೆ ಕೊಟ್ಟರು, ದಿನಾ ತೂಕ ನೋಡಿದರು. ಕಾರ್ಡಿನಲ್ಲಿ ತೂಕದ ಸಾಲು ಓದಿ: ಸೇರಿದ ದಿನ 24.6 ಕಿಲೋ, ಹೊರಟ ದಿನ 22.1. ಆ ಎರಡೂವರೆ ಕಿಲೋ ಅವನ ಮೈಯಲ್ಲಿ ನಿಂತಿದ್ದ ನೀರು. ಇಷ್ಟೇನಾ ಚಿಕಿತ್ಸೆ, ಡ್ರಿಪ್ ಕೂಡ ಹಾಕಲಿಲ್ಲ ಎಂದು ಯಾರಾದರೂ ಆಡಿಕೊಂಡಿದ್ದರೆ, ಡ್ರಿಪ್ ಹಾಕದಿದ್ದುದೇ ಅವರು ಕೊಟ್ಟ ಒಳ್ಳೆಯ ಚಿಕಿತ್ಸೆ.

ಈ ಕಾಯಿಲೆಯಲ್ಲಿ ಮಗುವಿಗೆ ನಿಜವಾದ ಗಂಡಾಂತರ ಇರುವುದು ಆ ಮೊದಲ ವಾರದಲ್ಲಿ, ಅದೂ ಬಿಪಿಯಿಂದ. ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್. ಮುಖ ಊದಿದ್ದನ್ನು ಯಾರೂ ಗಮನಿಸದೆ ನೇರವಾಗಿ ಫಿಟ್ಸ್ ಬಂದೇ ಆಸ್ಪತ್ರೆ ಸೇರುವ ಮಕ್ಕಳೂ ಇದ್ದಾರೆ. ಮಕ್ಕಳಿಗೆ ಬಿಪಿ ನೋಡುವ ಅಭ್ಯಾಸವೇ ನಮ್ಮಲ್ಲಿ ಕಡಿಮೆ. ನೋಡಿದರೂ ದೊಡ್ಡವರ ಪಟ್ಟಿಯನ್ನೇ ಆ ಸಣ್ಣ ತೋಳಿಗೆ ಸುತ್ತುತ್ತಾರೆ, ಆಗ ಬಿಪಿ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಮುಂದೆ ಎಲ್ಲಿ ತೋರಿಸಿದರೂ ಮಕ್ಕಳ ಪಟ್ಟಿ ಇದೆಯಾ ಎಂದು ಕೇಳಿ, ಸಂಕೋಚ ಬೇಡ. ದೊಡ್ಡವರಿಗೆ ಪರವಾಗಿಲ್ಲ ಅನ್ನಿಸುವ 120/80 ಕೂಡ ಎಂಟು ವರ್ಷದ ಹುಡುಗನಿಗೆ ಹೆಚ್ಚೇ.

ಈಗ ಚೀಟಿಗಳಿಗೆ ಬರೋಣ. ಬಿಪಿ ಮಾತ್ರೆಯಿಲ್ಲದೆಯೇ 98/60 ಇದೆ. ಕಿಡ್ನಿಯ ಕೆಲಸದ ಅಳತೆಯಾದ ಕ್ರಿಯಾಟಿನಿನ್ ಜನವರಿಯಲ್ಲಿ 1.1 ಇದ್ದದ್ದು 0.5ಕ್ಕೆ ಇಳಿದಿದೆ. ಮೂತ್ರದ ಪ್ರೋಟೀನ್ ಆಗ ಎರಡು ಪ್ಲಸ್, ಈಗ ಟ್ರೇಸ್. ಇನ್ನೊಂದು ಸಾಲಿದೆ, ಸಿ3 ಎಂದು. ಬಹುಶಃ ಅದನ್ನು ನಿಮಗೆ ಯಾರೂ ಬಿಡಿಸಿ ಹೇಳಿಲ್ಲ. ನನ್ನ ಮಟ್ಟಿಗೆ ಇಡೀ ಕಡತದಲ್ಲಿ ಅದೇ ಮುಖ್ಯ. ಸಿ3 ರಕ್ತದಲ್ಲಿರುವ ಒಂದು ರಕ್ಷಣಾ ಪ್ರೋಟೀನ್. ಈ ಉರಿಯೂತದಲ್ಲಿ ಅದು ಖರ್ಚಾಗಿ ಕೆಳಗಿಳಿಯುತ್ತದೆ, ಆರರಿಂದ ಎಂಟು ವಾರದೊಳಗೆ ತಾನಾಗಿ ಮೇಲೆ ಬರುತ್ತದೆ. ಸೇರಿದಾಗ 22 ಇತ್ತು, ಮಾರ್ಚ್ ಕೊನೆಗೆ 104 ಆಗಿದೆ. ಹೀಗೆ ಇಳಿದು ಹೀಗೆ ಏರಿದ ಸಿ3 ನೋಡಿದರೆ, ಇದು ಬಂದು ಹೋಗುವ ಜಾತಿಯ ಉರಿಯೂತ ಎಂದು ಧೈರ್ಯವಾಗಿ ಹೇಳಬಹುದು. ಮೂರು ತಿಂಗಳಾದರೂ ಅದು ಕೆಳಗೇ ಇದ್ದಿದ್ದರೆ ನಾನೇ ನಿಮ್ಮನ್ನು ಬೆಂಗಳೂರಿಗೆ ಹೋಗಿ ಅನ್ನುತ್ತಿದ್ದೆ. ಲೂಪಸ್‌ನಂಥ, ಇಲ್ಲವೇ ಸಿ3 ಹೆಸರಿನಲ್ಲೇ ಇರುವ ಇನ್ನೊಂದು ಹಟಮಾರಿ ಗ್ಲೊಮೆರುಲಸ್ ಕಾಯಿಲೆಯನ್ನು ಆಗ ಹುಡುಕಬೇಕಾಗುತ್ತದೆ.

ಎಎಸ್‌ಒ ನಾರ್ಮಲ್ ಬಂದಿದೆ, ಹಾಗಾದರೆ ಕಾಯಿಲೆ ತಪ್ಪಾಗಿ ಹಿಡಿದಿದ್ದಾರಾ ಎಂದು ಚೀಟಿಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಯಾರೋ ಬರೆದಿದ್ದಾರೆ. ತಪ್ಪಿಲ್ಲ. ಸ್ಟ್ರೆಪ್ಟೊಕಾಕಸ್ ಬಂದು ಹೋಗಿದೆಯೇ ಎಂದು ನೋಡುವ ಆ ಪರೀಕ್ಷೆ ಗಂಟಲಿನ ಸೋಂಕಿಗೆ ಚೆನ್ನಾಗಿ ಏರುತ್ತದೆ, ಚರ್ಮದ ಸೋಂಕಿಗೆ ಎಷ್ಟೋ ಸಲ ಏರುವುದೇ ಇಲ್ಲ.

ಬಯಾಪ್ಸಿ ಈಗ ಬೇಡ. ಅದೇನು ಭಯಂಕರ ಪರೀಕ್ಷೆಯಲ್ಲ. ಬೆನ್ನಿನ ಕಡೆಯಿಂದ ಸೂಜಿಯಲ್ಲಿ ದಾರದೆಳೆಯಷ್ಟು ತುಣುಕು ತೆಗೆಯುತ್ತಾರೆ, ಅದರಿಂದ ಕಿಡ್ನಿ ಹೋಗುವುದಿಲ್ಲ. ಬೇಕಾದಾಗ ಹಿಂಜರಿಯಬಾರದು. ಕ್ರಿಯಾಟಿನಿನ್ ದಿನೇ ದಿನೇ ಏರುತ್ತಿದ್ದರೆ, ಪ್ರೋಟೀನ್ ತಿಂಗಳುಗಟ್ಟಲೆ ಹೆಚ್ಚಾಗಿಯೇ ಇದ್ದರೆ, ಸಿ3 ಮೇಲೇಳದಿದ್ದರೆ ಬೇಕು. ಎಲ್ಲವೂ ಸರಿಹೋಗುತ್ತಿರುವ ಮಗುವಿಗೆ ಸೂಜಿ ಚುಚ್ಚಿ ತಿಳಿದುಕೊಳ್ಳುವುದು ಏನೂ ಇಲ್ಲ. ಸ್ಟಿರಾಯ್ಡ್ ಯಾಕೆ ಕೊಡಲಿಲ್ಲ ಎಂದೂ ಯಾರಾದರೂ ಕೇಳಿಯಾರು. ಅದು ನೆಫ್ರಾಟಿಕ್ ಸಿಂಡ್ರೋಮ್‌ಗೆ ಕೊಡುವ ಚಿಕಿತ್ಸೆ. ಅಲ್ಲಿಯೂ ಮುಖ ಊದುತ್ತದೆ, ಆದರೆ ಮೂತ್ರ ನೊರೆನೊರೆಯಾಗಿರುತ್ತದೆ, ಪ್ರೋಟೀನ್ ಮೂರು ನಾಲ್ಕು ಪ್ಲಸ್ ಹೋಗುತ್ತದೆ, ಸಾಮಾನ್ಯವಾಗಿ ರಕ್ತದ ಬಣ್ಣ ಇರುವುದಿಲ್ಲ, ಮತ್ತೆ ಮತ್ತೆ ಮರುಕಳಿಸುತ್ತದೆ. ಆ ಕಾಯಿಲೆ ಇರುವ ಇನ್ನೊಬ್ಬ ಹುಡುಗನಿಗೆ ಮಾಡಿದ್ದು ನಿಮ್ಮವನಿಗೆ ಸಲ್ಲುವುದಿಲ್ಲ.

ಇನ್ನು ನಿಮ್ಮ ಭಾವನವರು. ಅವರ ಕಾಯಿಲೆ ಏನೆಂದು ನೀವು ಬರೆದಿಲ್ಲ. ನಡುವಯಸ್ಸಿನಲ್ಲಿ ಡಯಾಲಿಸಿಸ್‌ಗೆ ಬರುವವರಲ್ಲಿ ಬಹಳ ಮಂದಿ ಸಕ್ಕರೆ ಕಾಯಿಲೆಯವರು, ಇಲ್ಲವೇ ವರ್ಷಗಟ್ಟಲೆ ಬಿಪಿ ಇದ್ದವರು. ಮಗನದು ಬೇರೆಯೇ ದಾರಿ. ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದಲ್ಲಿ ಈ ಕಾಯಿಲೆ ಅಲೆಅಲೆಯಾಗಿ ಬಂದು ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ವೈದ್ಯರು ಅವರನ್ನು ಹನ್ನೆರಡರಿಂದ ಹದಿನೇಳು ವರ್ಷಗಳ ನಂತರ ಮತ್ತೆ ಕರೆಸಿ ಪರೀಕ್ಷೆ ಮಾಡಿ 1982ರಲ್ಲಿ ಪ್ರಕಟಿಸಿದರು: ಬಹುತೇಕ ಎಲ್ಲರೂ ಚೆನ್ನಾಗಿದ್ದರು. ಮಕ್ಕಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ ಎಂದು ಪಠ್ಯಪುಸ್ತಕಗಳು ಹೇಳುವುದು ಇಂಥ ಅನುಭವದ ಮೇಲೆಯೇ. ದೊಡ್ಡವರಿಗೆ, ಅದರಲ್ಲೂ ವಯಸ್ಸಾದವರಿಗೆ ಇದೇ ಕಾಯಿಲೆ ಬಂದರೆ ನಾನು ಇಷ್ಟು ನಿರಾಳವಾಗಿ ಮಾತಾಡುವುದಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯಗಳಲ್ಲಿ, ಚಿಕ್ಕಂದಿನಲ್ಲಿ ಇದು ಬಂದವರಿಗೆ ಮುಂದೆ ಕಿಡ್ನಿ ತೊಂದರೆ ಹೆಚ್ಚು ಎಂದು ಕಂಡುಬಂದದ್ದೂ ಇದೆ. ಆದ್ದರಿಂದಲೇ ಮರೆತುಬಿಡಿ ಅನ್ನುವುದಿಲ್ಲ, ವರ್ಷಕ್ಕೊಮ್ಮೆ ನೋಡುತ್ತಿರಿ ಅನ್ನುತ್ತೇನೆ.

ನಿಮ್ಮತ್ತೆಯವರ ಮಾತಿಗೆ ಬರುತ್ತೇನೆ. ಕೀವು ತುಂಬಿದ ಕಜ್ಜಿಯನ್ನು ಡಾಕ್ಟರಿಗೆ ತೋರಿಸಬೇಕಿತ್ತು, ಅದು ನಿಜ. ತೋರಿಸಿದ್ದರೆ ಇದು ಬರುತ್ತಲೇ ಇರಲಿಲ್ಲ ಎಂಬುದು ಮಾತ್ರ ಯಾರೂ ಆಣೆ ಮಾಡಿ ಹೇಳಲಾಗದ ಮಾತು. ಆ್ಯಂಟಿಬಯೋಟಿಕ್ ಕೊಟ್ಟರೆ ರೋಗಾಣು ಸಾಯುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಆದರೆ ಸೋಂಕು ಹತ್ತಿದ ಮಗುವಿನಲ್ಲಿ ಕಿಡ್ನಿಯ ಉರಿಯೂತವನ್ನು ಅದು ಖಂಡಿತವಾಗಿ ತಡೆಯುತ್ತದೆ ಎಂಬ ಭರವಸೆ ಇಲ್ಲ. ಕಜ್ಜಿಯಾದ ನೂರಾರು ಮಕ್ಕಳಲ್ಲಿ ಎಲ್ಲೋ ಕೆಲವರಿಗೆ ಹೀಗಾಗುತ್ತದೆ. ಹಾಗೆಯೇ, ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳಿಗೆ 21 ದಿನಕ್ಕೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚುತ್ತಾರಲ್ಲ, ಅದು ಇವನಿಗೆ ಬೇಕಿಲ್ಲ. ಈ ಕಾಯಿಲೆ ಎರಡನೇ ಸಲ ಬರುವುದು ತೀರಾ ಅಪರೂಪ.

ಈಗ ನಿಮ್ಮ ಗಮನ ಬೇಕಾಗಿರುವುದು ಮಗಳಿಗೆ. ಇವತ್ತು ರಾತ್ರಿ ಅವಳ ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ ಟಾರ್ಚ್ ಹಿಡಿದು ನೋಡಿ. ಸಣ್ಣ ಗುಳ್ಳೆ, ಅವುಗಳ ನಡುವೆ ಗೀರಿನಂಥ ಗೆರೆ ಕಂಡರೆ, ರಾತ್ರಿ ಹೊತ್ತೇ ತುರಿಕೆ ಹೆಚ್ಚಿದ್ದರೆ, ಅದು ತುರಿಕಜ್ಜಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ ಚರ್ಮದೊಳಗೆ ಕೊರೆದು ಮೊಟ್ಟೆಯಿಡುತ್ತದೆ. ಕೆರೆದ ಜಾಗದಲ್ಲಿ ಸ್ಟ್ರೆಪ್ಟೊಕಾಕಸ್ ಸೇರಿ ಕೀವಾಗುತ್ತದೆ. ಮಗನ ಕಥೆ ಶುರುವಾದದ್ದು ಹೀಗೇ ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಪರ್ಮೆಥ್ರಿನ್ 5% ಕ್ರೀಮ್ ಬರೆಸಿಕೊಳ್ಳಿ. ಮನೆಯ ಎಲ್ಲರೂ, ತುರಿಕೆ ಇಲ್ಲದವರೂ, ನಿಮ್ಮತ್ತೆಯೂ ಸೇರಿ, ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಕೊಳ್ಳಬೇಕು. ಉಗುರಿನ ಕೆಳಗೆ ಬಿಡಬೇಡಿ, ಹುಳ ಅಲ್ಲೇ ಅಡಗಿರುತ್ತದೆ. ಬೆಳಿಗ್ಗೆ ಸ್ನಾನ. ಆ ದಿನವೇ ಬಟ್ಟೆ, ಹೊದಿಕೆ, ದಿಂಬಿನ ಕವರು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ರಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಮೂಲೆಗಿಡಿ. ವಾರ ಬಿಟ್ಟು ಎಲ್ಲರೂ ಇನ್ನೊಮ್ಮೆ ಹಚ್ಚಬೇಕು. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು, ಔಷಧಿ ಕೆಲಸ ಮಾಡಲಿಲ್ಲ ಎಂದು ದಿನಾ ಹಚ್ಚಬೇಡಿ. ಒಬ್ಬರಿಗೆ ಮಾತ್ರ ಹಚ್ಚಿದರೆ ಹುಳ ಮನೆಯೊಳಗೇ ಸುತ್ತುತ್ತಿರುತ್ತದೆ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಮನೆ ಮನೆಗೂ ಕಜ್ಜಿಯ ಔಷಧಿ ಕೊಟ್ಟಾಗ ಮಕ್ಕಳ ಕೀವುಗುಳ್ಳೆ ಇಳಿಯಿತು, ಅದರ ಜತೆಗೆ ಅವರ ಮೂತ್ರದಲ್ಲಿ ರಕ್ತ ಕಾಣಿಸುವುದೂ ಇಳಿಯಿತು. ಕಜ್ಜಿ ಮೈಮೇಲಿನ ತೊಂದರೆ ಮಾತ್ರ ಎಂದುಕೊಳ್ಳುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುವುದು.

ಮಗನಿಗೆ ನಾಳೆಯಿಂದಲೇ ಮನೆಯವರು ತಿನ್ನುವ ಊಟ ಹಾಕಿ. ಊತ, ಬಿಪಿ ಇದ್ದಾಗ ಉಪ್ಪು ತೆಗೆದದ್ದು ಸರಿ. ಈಗ ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿಸುವುದು ಶಿಕ್ಷೆ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚಿಪ್ಸ್ ಪೊಟ್ಟಣ ಮಿತಿಯಲ್ಲಿರಲಿ, ಅದು ನಮ್ಮೆಲ್ಲರಿಗೂ ಹೇಳುವ ಮಾತು. ನೀರು ಬಾಯಾರಿದಷ್ಟು. ಬಾಳೆದಿಂಡು ಪಲ್ಯವಾಗಿ ಎಂದಾದರೊಮ್ಮೆ ತಟ್ಟೆಗೆ ಬಂದರೆ ಬರಲಿ, ದಿನಾ ರಸ ಕುಡಿಸಬೇಡಿ. ಬೇಳೆ, ಮೊಟ್ಟೆ ಯಾವುದೂ ಬಿಡಿಸಬೇಕಿಲ್ಲ, ಬೆಳೆಯುವ ಹುಡುಗ. ಜ್ವರ ಬಂದರೆ ಪ್ಯಾರಸಿಟಮಾಲ್ ಕೊಡಿ. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದ ಸಿರಪ್‌ಗಳನ್ನು ಕಿಡ್ನಿಯ ವಿಷಯ ತಿಳಿಸದೆ ಅಂಗಡಿಯಿಂದ ತರಬೇಡಿ.

ಆ ನಾಟಿ ವೈದ್ಯರ ಪುಡಿ ಮಾತ್ರ ಬೇಡವೇ ಬೇಡ. ಅದರಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲ, ಕೊಡುವವರೂ ಬರೆದುಕೊಡುವುದಿಲ್ಲ. ಪಾದರಸದಂಥ ಲೋಹ ಬೆರೆತ ಔಷಧಿಗಳಿಂದ ಗ್ಲೊಮೆರುಲಸ್ ಕೆಟ್ಟವರನ್ನು ದಕ್ಷಿಣ ಭಾರತದ ಕಿಡ್ನಿ ತಜ್ಞರು ನೋಡುತ್ತಲೇ ಇದ್ದಾರೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಖ ಬೆಳ್ಳಗಾಗಲು ಹಚ್ಚಿದ ಕ್ರೀಮ್‌ನ ಪಾದರಸದಿಂದಲೇ ಕೆಲವರಿಗೆ ಹೀಗಾಯಿತು. ಗುಣವಾಗುತ್ತಿರುವ ಕಿಡ್ನಿಗೆ ಹೊಸ ಕಾಯಿಲೆ ತಂದು ಹಾಕುವುದು ಯಾವ ನ್ಯಾಯ?

ಜೂನ್‌ನಲ್ಲಿ ಶಾಲೆ ಶುರುವಾದಾಗ ಎಲ್ಲ ಮಕ್ಕಳ ಜತೆ ಅವನೂ ಹೋಗಲಿ. ರಜೆಯಲ್ಲಿ ಕ್ರಿಕೆಟ್ಟು, ಸೈಕಲ್ಲು, ಮರ ಹತ್ತುವುದು ಯಾವುದಕ್ಕೂ ತಡೆಯಿಲ್ಲ. ಓಡಿದರೆ ಕಿಡ್ನಿಗೆ ಏನೂ ಆಗುವುದಿಲ್ಲ. ಸುಮ್ಮನೆ ಕೂರಿಸಿದರೆ ತಾನು ರೋಗಿ ಎಂದು ಅವನೇ ನಂಬಿಬಿಡುತ್ತಾನೆ.

ಪರೀಕ್ಷೆ ವಾರವಾರ ಬೇಡ. ಜುಲೈನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ, ಆಮೇಲೆ ಸಂಕ್ರಾಂತಿ ಹೊತ್ತಿಗೆ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ ಹಿಡಿದು, ತಡಮಾಡದೆ ಕೊಡಿ. ಬಿಪಿ ನೋಡಿಸಿ. ಪ್ರೋಟೀನ್ ನಿಲ್ ಎಂದು ಬಂದರೆ ಕೆಂಪು ಕಣಗಳ ಸಾಲನ್ನು ಬಿಟ್ಟುಬಿಡಿ. ಇವುಗಳ ನಡುವೆ ಮತ್ತೆ ಮುಖ ಊದಿದರೆ, ಮೂತ್ರದ ಬಣ್ಣ ಕೆಟ್ಟರೆ, ತಲೆನೋವಿನ ಜತೆ ವಾಂತಿಯಾದರೆ ಕಾಯಬೇಡಿ, ಅದೇ ದಿನ ಹೋಗಿ. ನೆಗಡಿ ಜ್ವರ ಬಂದ ಮರುದಿನವೇ ಮೂತ್ರ ಕೆಂಪಾದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಅದು ಐಜಿಎ ನೆಫ್ರೋಪತಿ ಎಂಬ ಬೇರೆ ಉರಿಯೂತದ ಲಕ್ಷಣ ಇರಬಹುದು, ಅದರ ದಾರಿಯೂ ಬೇರೆ. ನಿಮ್ಮ ಮಗನನ್ನು ಕಣ್ಣಾರೆ ನೋಡಿದವರು ನಿಮ್ಮ ಡಾಕ್ಟರು, ನಾನು ಕಾಗದ ನೋಡಿದವಳು. ಎಲ್ಲಾದರೂ ಅವರ ಮಾತಿಗೂ ನನ್ನ ಮಾತಿಗೂ ಹೊಂದದಿದ್ದರೆ ಅವರದ್ದೇ ನಡೆಯಲಿ.

ಡಿಸ್ಚಾರ್ಜ್ ಕಾರ್ಡನ್ನೂ ಚೀಟಿಗಳನ್ನೂ ಇವತ್ತೇ ಜೆರಾಕ್ಸ್ ಮಾಡಿಸಿ ಒಂದು ಫೈಲಿನಲ್ಲಿಡಿ. ನೀವು ಕಳಿಸಿದ ಸಿ3 ಚೀಟಿಯ ಅಕ್ಷರ ಆಗಲೇ ಮಾಸಲು ಶುರುವಾಗಿದೆ, ಮಳೆಗಾಲ ಕಳೆಯುವಷ್ಟರಲ್ಲಿ ಓದಲು ಬರುವುದಿಲ್ಲ.